ಆಯಸ್ಕಾಂತದ ಮೇಲಿಟ್ಟ ಗೌರಿ ಹಾಡು

ಜಡಿಗೇನಹಳ್ಳಿಯಲ್ಲಿ ಮೈಕ್‌ಸೆಟ್ ಪಿಳ್ಳಣ್ಣ ಅಂದರೆ ಗೊತ್ತಿಲ್ಲದವರಿಲ್ಲ. ಕಾಣುವ ಮೊದಲೇ ಕೇಳಿಸುವ ಮನುಷ್ಯ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರ ಕಡೆಗೆ ಸ್ಲೇಟು ಬೀಸಿ ಎದ್ದು ಬಂದವನು ಮತ್ತೆ ಇಸ್ಕೂಲಿನ ಮುಖ ನೋಡಲಿಲ್ಲ. ಈಗ ವಯಸ್ಸು ನಲವತ್ತೆಂಟು. ಕೋಪ ಮಾತ್ರ ಇನ್ನೂ ನಾಲ್ಕನೇ ಕ್ಲಾಸಿನದೇ.

ಅವನ ಆಸ್ತಿ ಅಂದರೆ ಎರಡು ಹಾರ್ನು, ಒಂದು ಆಂಪ್ಲಿಫೈಯರು, ಒಂದು ಹಳೆಯ ಟೇಪ್‌ರೆಕಾರ್ಡರು, ಮತ್ತೆ ತಗಡಿನ ಪೆಟ್ಟಿಗೆಯಲ್ಲಿ ಏಳು ಕ್ಯಾಸೆಟ್ಟು. ಅಂಗಡಿಯಿಂದ ತಂದವಲ್ಲ. ಮೈಕು ಕಟ್ಟಲು ಹೋದ ಕಡೆಯಲ್ಲೆಲ್ಲ ಅವನೇ ರೆಕಾರ್ಡು ಮಾಡಿ ತುಂಬಿಕೊಂಡವು. ಆವತಿಯ ಒಂದು ಮದುವೆಯಲ್ಲಿ ಸಿಕ್ಕ ಓಲಗ ಯುಗಾದಿ ಬೆಳಗಿಗೆ. ಸಂಕ್ರಾಂತಿಯಲ್ಲಿ ದನಗಳು ಕಿಚ್ಚು ಹಾಯುವಾಗ ತಮಟೆ. ಶಿವರಾತ್ರಿಗೆ ತಂಬೂರಿಯ ತತ್ವಪದ, ಗಣೇಶನ ಮೆರವಣಿಗೆಗೆ ಹೊಸಕೋಟೆಯ ಬ್ಯಾಂಡ್‌ಸೆಟ್ಟು. ಒಮ್ಮೆ ಕ್ರಿಸ್‌ಮಸ್ಸಿನಲ್ಲಿ ಚರ್ಚಿಗೆ ಮೈಕು ಕಟ್ಟಲು ಹೋಗಿ ಮಕ್ಕಳು ತಮಿಳಿನಲ್ಲಿ ಹಾಡಿದ್ದನ್ನೂ ತುಂಬಿಕೊಂಡು ಬಂದಿದ್ದ. ಪ್ರತಿ ಡಿಸೆಂಬರಿನಲ್ಲಿ ತನಗಾಗಿ ಒಂದು ಸಲ ಹಾಕಿಕೊಂಡು ಕೇಳುವನು. ರಾಜ್ಯೋತ್ಸವದ ಆರ್ಕೆಸ್ಟ್ರಾ ಒಂದಿತ್ತು. ಅದರಲ್ಲಿ ಹಾಡಿಗಿಂತ ಜನರ ಶಿಳ್ಳೆಯೇ ಹೆಚ್ಚು.

ಏಳನೆಯದು ಗೌರಿ ಹಬ್ಬದ್ದು. ಇಪ್ಪತ್ತಮೂರು ವರ್ಷದ ಹಿಂದೆ ಅಮ್ಮಯಮ್ಮ ಎಂಬ ಮುದುಕಿ ದೇವಸ್ಥಾನದ ಪಡಸಾಲೆಯಲ್ಲಿ ಗೌರಿಯನ್ನು ಕೂರಿಸಿ ಹಾಡಿದ ಹಾಡು. ಅಮ್ಮಯಮ್ಮ ಹೋಗಿ ಆರು ವರ್ಷವಾಯಿತು. ಅವಳ ಮಗ ಮನೆ ಮಾರಿಕೊಂಡು ಹೊರಟ. ಮಗಳು ಆದಿಲಕ್ಷ್ಮಮ್ಮನನ್ನು ದಾಬಸ್‌ಪೇಟೆಗೆ ಕೊಟ್ಟಿದ್ದರು. ತವರಿನಲ್ಲಿ ಬಾಗಿಲು ತೆರೆಯುವವರು ಯಾರೂ ಉಳಿದಿಲ್ಲವಾದರೂ ಪ್ರತಿ ಗೌರಿ ಹಬ್ಬಕ್ಕೆ ಎರಡು ಬಸ್ಸು ಹತ್ತಿ ಇಳಿದು ಬಂದು, ಹುಣಸೆಮರಕ್ಕೆ ಕಟ್ಟಿದ ಹಾರ್ನಿನ ಕೆಳಗೆ ಮೊರದ ಬಾಗಿನ ಮಡಿಲಲ್ಲಿಟ್ಟುಕೊಂಡು ತಾಯಿಯ ಹಾಡು ಮುಗಿಯುವವರೆಗೂ ಕೂತಿದ್ದು ಹೋಗುವಳು. ಹನ್ನೊಂದು ನಿಮಿಷ. ಅವಳ ತವರು ಅಷ್ಟೇ.

ಈ ವರ್ಷದ ಗೌರಿ ಹಬ್ಬದ ದಿನ ಬೆಳಗ್ಗೆ ಆರು ಗಂಟೆಗೆ ಪಿಳ್ಳಣ್ಣ ಪೆಟ್ಟಿಗೆ ಎತ್ತಲು ಹೋದ. ಪೆಟ್ಟಿಗೆ ಏಳಲಿಲ್ಲ. ಇನ್ನೊಮ್ಮೆ ಜಗ್ಗಿದ. ಕಟ್ ಅಂತ ಸದ್ದಾಗಿ ಕಿತ್ತುಕೊಂಡು ಬಂತು. ಕೆಳಗೆ ರಿಪೇರಿಗೆಂದು ಬೋರಲು ಹಾಕಿದ್ದ ದೊಡ್ಡ ಸ್ಪೀಕರು. ಅದರ ಬೆನ್ನಿನ ಮೇಲೆ ರೊಟ್ಟಿಯಷ್ಟಗಲದ ಆಯಸ್ಕಾಂತ.

ಆಯಸ್ಕಾಂತದ ಹತ್ತಿರ ಕ್ಯಾಸೆಟ್ ಇಟ್ಟರೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ. ಈ ಮಾತನ್ನು ಕಂಡಕಂಡವರಿಗೆಲ್ಲ ಹೇಳಿ, "ಅಲ್ಲಿಟ್ರೆ ಕೈ ಮುರೀತೀನಿ" ಅಂತ ಹೆದರಿಸಿದವನೇ ಅವನು. ಹತ್ತು ದಿನದ ಹಿಂದೆ ಗಣೇಶನ ಕಮಿಟಿಯ ಮೂರ್ತಿ, "ಪಿಳ್ಳಣ್ಣ, ಈ ಸಲ ಡೀಜೆ ತರಿಸ್ತೀವಿ, ನಿಂದು ಬರೀ ಕೆಮ್ಮುತ್ತೆ" ಅಂದಿದ್ದ. ಪಿಳ್ಳಣ್ಣ ಅವನಿಗೂ ಅವನ ವಂಶಕ್ಕೂ ಸೇರಿಸಿ ಬೈದು, ಮನೆಗೆ ಬಂದು ಕೈಯಲ್ಲಿದ್ದ ಪೆಟ್ಟಿಗೆಯನ್ನು ಎಲ್ಲಿಗೆ ಬಂತೋ ಅಲ್ಲಿಗೆ ಕುಕ್ಕಿದ್ದ. ಕುಕ್ಕಿದ ಜಾಗ ಇದು.

ಬಾಗಿಲಿಗೆ ಚಿಲಕ ಹಾಕಿದ. ಗೌರಿ ಕ್ಯಾಸೆಟ್ಟನ್ನು ಜೋಪಾನವಾಗಿರಲಿ ಅಂತ ಎಲ್ಲಕ್ಕಿಂತ ಅಡಿಯಲ್ಲಿಟ್ಟಿದ್ದ, ಅಂದರೆ ಆಯಸ್ಕಾಂತಕ್ಕೆ ತೀರಾ ಹತ್ತಿರ. ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಮೊದಲು ಮೇಲಿನದು ಹಾಕಿ, ಸಣ್ಣ ಸ್ಪೀಕರಿಗೆ ಕಿವಿ ಹಚ್ಚಿದ. ಓಲಗ ಸರಿಯಿತ್ತು. ತಮಟೆ ಸರಿಯಿತ್ತು. ತತ್ವಪದದವನ ತಂಬೂರಿ ಒಂದು ಕಡೆ ನೀರಿನೊಳಗೆ ಮುಳುಗಿದಂತಾಗಿ ಮತ್ತೆ ಎದ್ದಿತು. ಪಿಳ್ಳಣ್ಣನ ಎದೆಯೂ ಅದರ ಜೊತೆ ಮುಳುಗಿ ಎದ್ದಿತು. ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ಟು ಮಾಸಿತ್ತು. ಚರ್ಚಿನ ಮಕ್ಕಳ ಹಾಡಿನಲ್ಲಿ ಅರ್ಧ ಮಕ್ಕಳು ಎದ್ದುಹೋದಂತಿತ್ತು. ಆರ್ಕೆಸ್ಟ್ರಾದಲ್ಲಿ ಹಾಡು ಹೋಗಿ ಅಲ್ಲೊಂದು ಇಲ್ಲೊಂದು ಶಿಳ್ಳೆ ಉಳಿದಿತ್ತು. ಕೆಳಗೆ ಹೋದಷ್ಟೂ ಹೆಚ್ಚು ಹಾಳಾಗಿತ್ತು. ಉಳಿದದ್ದು ಅಡಿಯದು.

ಎಂಟು ಗಂಟೆಯ ಹೊತ್ತಿಗೆ ಗೌರಿ ಕ್ಯಾಸೆಟ್ ಹಾಕಿದ. ಹಾಡು ಮುಗಿದ ಕಡೆಗೇ ನಿಲ್ಲಿಸಿ ಎತ್ತಿಡುವುದು, ಹಬ್ಬದ ಬೆಳಗ್ಗೆ ಹಿಂದಕ್ಕೆ ಸುತ್ತುವುದು ಅವನ ಪದ್ಧತಿ. ಸುತ್ತಿ, ಬಟನ್ ಒತ್ತಿದ. ಬರೀ ಶ್ ಅನ್ನುವ ಸದ್ದು. ಆಮೇಲೆ ಅಮ್ಮಯಮ್ಮನ ದನಿ ಎಲ್ಲಿಂದಲೋ ತೂಗುಯ್ಯಾಲೆಯಲ್ಲಿ ಕೂತಂತೆ ಬಂತು, ಹೋಯಿತು. "ಮೊರದಾಗೆ ಅರಿಶಿನ…" ಅನ್ನುವಷ್ಟರಲ್ಲಿ ಶ್. "…ತಿರುಗಿ ನೋಡೇ ಗೌರಮ್ಮ…" ಮತ್ತೆ ಶ್. ಮುದುಕಿಯ ಬಾಯನ್ನು ಯಾರೋ ಮುಚ್ಚಿ ಮುಚ್ಚಿ ಬಿಡುತ್ತಿದ್ದಂತೆ. ಯಾರೋ ಏನು, ತಾನೇ. ಪಿಳ್ಳಣ್ಣನಿಗೆ ತನ್ನ ಅಂಗೈಯನ್ನೇ ನೋಡಲು ಹೆದರಿಕೆಯಾಯಿತು.

ಆದಿಲಕ್ಷ್ಮಮ್ಮನ ಬಸ್ಸು ಹತ್ತಕ್ಕೆ.

ಸ್ಕ್ರೂಡ್ರೈವರ್ ತೆಗೆದುಕೊಂಡು ಟೇಪ್‌ರೆಕಾರ್ಡರಿನ ಬೆನ್ನು ಬಿಚ್ಚಿ, ಚಕ್ರಕ್ಕೆ ಸುತ್ತಿದ ಬೆಲ್ಟಿಗೆ ಬೆರಳು ಹಾಕಿದ. ಮೆಷಿನ್ ಕೆಟ್ಟಿದೆ ಅಂದರೆ ಒಂದು ವರ್ಷ ದಾಟುತ್ತದೆ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಮಗಳು ಅಕ್ಷತ ಬಂದಳು.

"ಬೆಲ್ಟ್ ಯಾಕಪ್ಪ ಕೀಳ್ತಿದ್ದೀಯ?"

"ನಡಿಯೇ ಆಚೆಗೆ! ನಿನ್ನ ಯಾರು ಕರೆದ್ರು?"

"ಕೂಗ್ಬೇಡ. ನೀನು ಹೆದರಿದಾಗ್ಲೇ ಹಿಂಗೆ ಕೂಗೋದು." ಅವಳ ಕಣ್ಣು ಸ್ಪೀಕರಿನ ಮೇಲೆ ಬಿತ್ತು, ಪೆಟ್ಟಿಗೆಯ ಮೇಲೆ ಬಿತ್ತು. ಮುಖ ಬಿಳುಚಿತು. "ಗೌರಿದಾ?"

ಪಿಳ್ಳಣ್ಣ ಮತ್ತೆ ಬೆಲ್ಟಿನ ಕಡೆ ಬಗ್ಗಿದ. ಹೋದ ವರ್ಷ ಇದೇ ಹುಡುಗಿ, "ಎಲ್ಲಾನೂ ಪೆನ್‌ಡ್ರೈವ್‌ಗೆ ಹಾಕ್ಕೊಡ್ತೀನಿ ಅಪ್ಪ, ಒಂದ್ ದಿನದ ಕೆಲಸ" ಅಂದಿದ್ದಳು. "ನನ್ನ ಕೈ ಇನ್ನೂ ಸತ್ತಿಲ್ಲ" ಅಂತ ಅವಳನ್ನು ಗದರಿಸಿ ಕಳಿಸಿದ್ದ.

"ಸುಳ್ಳು ಹೇಳ್ಬೇಡಪ್ಪ. ಆಯಮ್ಮ ಅಷ್ಟು ದೂರದಿಂದ ಬರ್ತಾರೆ."

"ನಿಜ ಹೇಳಿದ್ರೆ ಅಲ್ಲೇ ಕುಸಿದುಬಿದ್ರೆ? ಯಾರೇ ಜವಾಬ್ದಾರಿ?" ಅಂದ ಪಿಳ್ಳಣ್ಣ. ಆದರೂ ಬೆಲ್ಟನ್ನು ಚಕ್ರದಲ್ಲೇ ಬಿಟ್ಟು, ಮುಚ್ಚಳ ಹಾಕಿ, ಬಾಗಿಲ ಚಿಲಕ ತೆಗೆದ.

ಹತ್ತೂಕಾಲಿಗೆ ಆದಿಲಕ್ಷ್ಮಮ್ಮ ಬಾಗಿಲಲ್ಲೇ ಬಂದು ನಿಂತಳು. ಕಂಕುಳಲ್ಲಿ ಮೊರ, ಹಣೆಯಲ್ಲಿ ಬೆವರು.

"ಏನ್ಲಾ ಪಿಳ್ಳ, ಇನ್ನೂ ಮರ ಹತ್ತಿಲ್ವಾ? ಹೆಂಗಸ್ರೆಲ್ಲ ಆಗ್ಲೇ ಬಂದು ಕೂತವ್ರೆ. ಮೈಗೆ ಹುಷಾರಿಲ್ವೇನೋ?"

ಪಿಳ್ಳಣ್ಣ ಎದ್ದು ನಿಂತ. "ಅಕ್ಕ, ತಪ್ಪಾಗೋಯ್ತು. ಕ್ಯಾಸೆಟ್ಟು ಮ್ಯಾಗ್ನೆಟ್ ಮೇಲಿಟ್ಬಿಟ್ಟೆ. ಅಳಿಸೋಗಿದೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮೊರವನ್ನು ನೆಲಕ್ಕಿಟ್ಟಳು. "ಹಾಕು."

"ಬ್ಯಾಡ ಅಕ್ಕ…"

"ಹಾಕ್ಲಾ."

ಹಾಕಿದ. ಹನ್ನೊಂದು ನಿಮಿಷ ಅಮ್ಮಯಮ್ಮ ಬಂದಳು, ಹೋದಳು. ಒಂದೊಂದು ಸಲ ದನಿ ಮಾಯವಾದಾಗಲೂ ಆದಿಲಕ್ಷ್ಮಮ್ಮನ ಕೈ ಸ್ವಲ್ಪ ಮೇಲೆದ್ದು, ಹಿಡಿಯಲು ಏನೂ ಸಿಗದೆ ಇಳಿಯುತ್ತಿತ್ತು. ಪಿಳ್ಳಣ್ಣ ಗೋಡೆ ಹಿಡಿದು ನಿಂತಿದ್ದ. ಹಾಡು ಮುಗಿಯಿತು. ರೂಢಿಯಂತೆ ನಿಲ್ಲಿಸಬೇಕಾಗಿತ್ತು, ಅವಳ ಮುಖ ನೋಡುತ್ತಾ ನಿಂತವನಿಗೆ ಬಟನಿನ ಕಡೆ ಕೈ ಹೋಗಲಿಲ್ಲ. ಟೇಪು ಓಡುತ್ತಲೇ ಇತ್ತು. ಇಪ್ಪತ್ತಮೂರು ವರ್ಷದಲ್ಲಿ ಹಾಡಿನಾಚೆಗೆ ಅದು ಓಡಿರಲೇ ಇಲ್ಲ. ಹಾಡಿನ ಭಾಗವೆಲ್ಲ ಒಂದು ಉರುಳೆಗೆ ಸುತ್ತಿಕೊಂಡು ಆಯಸ್ಕಾಂತದ ಮೇಲೆ ಕೂತಿತ್ತು. ಮುಂದಿನದು ಪಕ್ಕದ ಉರುಳೆಯಲ್ಲಿ, ಆಚೆಗಿತ್ತು.

ಬಳೆಯ ಸದ್ದು ಬಂತು. ಆಮೇಲೆ ತೊಳೆದಿಟ್ಟ ತಾಮ್ರದ ಚೊಂಬಿನಂಥ ಅಮ್ಮಯಮ್ಮನ ದನಿ:

"ಆಯ್ತೇನ್ಲಾ ಪಿಳ್ಳ ನಿನ್ನ ಪೆಟ್ಗೆ? ಇನ್ನೂ ತಿರುಗ್ತಾ ಐತಾ? ಹೋಗಿ ನಮ್ಮ ಆದಿ ಬಸ್ಸು ಬಂತಾ ನೋಡ್ಕೊಂಡ್ ಬಾ. ಅವ್ಳಿಗೆ ಅಂತ ಕರಿಗಡುಬು ಎತ್ತಿಟ್ಟಿವ್ನಿ, ನೀ ಏನಾರ ತಿಂದೀಯ, ಬೆನ್ನು ಮುರೀತೀನಿ."

ಒಂದು ನಗು. ಅಲ್ಲಿಗೆ ಮುಗಿಯಿತು.

ಆದಿಲಕ್ಷ್ಮಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಕೂತುಬಿಟ್ಟಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಪಿಳ್ಳಣ್ಣನಿಗೆ ತಿಳಿಯಲಿಲ್ಲ. ಸೆರಗು ತೆಗೆದು, "ಆ ವರ್ಷ ಬಸ್ಸು ತಪ್ಪಿತ್ತು. ನಾನು ಬರ್ಲೇ ಇಲ್ಲ ಕಣೋ," ಅಂದಳು. ಮತ್ತೆ, "ನೀ ತಿಂದೆ ಅಲ್ವಾ ಕಡುಬು?"

"ಎರಡೇ ಅಕ್ಕ."

ಅಕ್ಷತ ಫೋನು ಹಿಡಿದು ಹತ್ತಿರ ಬಂದಳು. "ಇನ್ನೊಂದ್ಸಲ ಹಾಕಪ್ಪ, ತುಂಬ್ಕೋತೀನಿ." ಟೇಪನ್ನು ಮತ್ತೆ ಓಡಿಸಿದರೆ ಇದೂ ಹರಿದುಹೋಗುವುದೇನೋ ಅಂತ ಪಿಳ್ಳಣ್ಣ ಹಿಂಜರಿದ. ಆದರೂ ಹಾಕಿದ. ಫೋನಿನೊಳಗೆ ಅದು ಹೋಗಿ ಕೂತಿದೆ ಅಂತ ಕೇಳಿಸಿದ ಮೇಲೇ ಉಸಿರು ಬಿಟ್ಟ.

ದೇವಸ್ಥಾನದ ಕಡೆಯಿಂದ ಯಾರೋ ಕೂಗಿದರು, "ಪಿಳ್ಳಣ್ಣೋ, ಹಾಡು!"

"ಅಮ್ಮನ ಹಾಡು ಹಾಕ್ಬೇಡ," ಅಂದಳು ಆದಿಲಕ್ಷ್ಮಮ್ಮ. "ಅವಳು ಹಂಗೆ ಉಸಿರುಗಟ್ಟೋದು ಊರಿಗೆಲ್ಲ ಕೇಳಿಸೋದು ಬೇಡ. ಓಲಗ ಹಾಕು."

"ಅದು ಯುಗಾದಿದು ಅಕ್ಕ."

"ಗೌರಿ ಏನ್ ಬೇಡ ಅಂತಾಳಾ?"

"ನಂದು ತಪ್ಪಾಯ್ತು ಅಕ್ಕ. ಕ್ಷಮಿಸ್ಬಿಡು."

"ಅದು ಆಮೇಲೆ. ಹಾಡು ನುಂಗಿದ್ದೀಯ, ಅದು ಸುಮ್ನೆ ಅಲ್ಲ. ಮುಂದಿನ ವರ್ಷಾನೂ ಬರ್ತೀನಿ ನಿನ್ನ ಬೈಯೋಕೆ." ಮೊರ ಎತ್ತಿಕೊಂಡು ಹುಣಸೆಮರದ ಕಡೆ ನಡೆದಳು.

ಮರ ಹತ್ತಿ ಹಾರ್ನು ಕಟ್ಟಿ, ತಂತಿ ಸೇರಿಸಿ ಪಿಳ್ಳಣ್ಣ ಟೇಪ್‌ರೆಕಾರ್ಡರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕಣ್ಣು ಮುಚ್ಚಿ ಒತ್ತುತ್ತಿದ್ದ ಬಟನುಗಳ ಮೇಲೆ ಬೆರಳು ಹಾಗೇ ನಿಂತಿತು.

"ಕೆಂಪಗಿರೋದು ಅಳಿಸೋದಪ್ಪ," ಅಂದಳು ಅಕ್ಷತ ಮೆಲ್ಲಗೆ. "ಪಕ್ಕದ್ದು ಒತ್ತು."

ಇಪ್ಪತ್ತೈದು ವರ್ಷದ ಕಸುಬಿನವನಿಗೆ ಇದನ್ನು ಹೇಳಿಕೊಡಬೇಕೇ? ಬೇರೆ ದಿನವಾಗಿದ್ದರೆ ಅವನ ಕೂಗಿಗೆ ಕೇರಿಯೆಲ್ಲ ಬೆಚ್ಚಿ ಬೀಳುತ್ತಿತ್ತು.

"ಇದಾ?" ಅಂತ ಕೇಳಿ, ಅವಳು ಹೂಂ ಅಂದ ಮೇಲೆ ಒತ್ತಿದ.