ಮಡಿಲು ತುಂಬದ ದೊಡ್ಡಮ್ಮ

ಎದುರುಮನೆಯ ದೊಡ್ಡಮ್ಮನ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಓಲೆ ಬಲಗಿವಿಯಲ್ಲಿ ಮಾತ್ರ. ಹಸು ತಿವಿದದ್ದು ಎಂದು ಹೊಳೆನರಸೀಪುರದ ನಮ್ಮ ಬೀದಿಯೆಲ್ಲ ಹೇಳುತ್ತಿತ್ತು. ಗಂಡ ಓಲೆ ಹಿಡಿದು ಎಳೆದದ್ದು ಎಂದು ಬೀದಿಗೆಲ್ಲ ಗೊತ್ತೂ ಇತ್ತು. ಜಾರಿ ಬಿದ್ದವರು, ಬಾಗಿಲು ಬಡಿಸಿಕೊಂಡವರು, ಹಸುವಿನಿಂದ ತಿವಿಸಿಕೊಂಡವರು ಎಂದು ಎಷ್ಟು ಹೆಂಗಸರಿದ್ದರು ನಮ್ಮಲ್ಲಿ! ಹಸುಗಳು ಪಾಪ ಸಾಧುವಾಗಿದ್ದವು.

ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲಕ್ಕಿ ತುಂಬಲು ದೊಡ್ಡಮ್ಮನೇ ಬರಬೇಕು. ಅವಳ ಕಿವಿ ಹರಿದ ಗಂಡ ಇನ್ನೂ ಬದುಕಿದ್ದನಲ್ಲ, ಹಾಗಾಗಿ ಅವಳದು ಮುತ್ತೈದೆಯ ಕೈ, ಶುಭದ ಕೈ. ಸೆರಗಿಗೆ ಅಕ್ಕಿ, ಬೆಲ್ಲ, ಕಾಯಿ ಹಾಕಿ, ಹುಡುಗಿಯ ಕೆನ್ನೆ ಹಿಂಡಿ, "ಅತ್ತೆಗೆ ಎದುರಾಡ್ಬ್ಯಾಡ, ಉಣ್ಣಾಕೆ ನಾಚ್ಕಬ್ಯಾಡ ಕಣವ್ವ" ಎಂದು ನಗಿಸಿ ಕಳಿಸುವಳು.

ನನ್ನ ಅಕ್ಕನನ್ನು ಅರಕಲಗೂಡಿಗೆ ಕೊಟ್ಟಿತ್ತು. ಮೊದಲ ಸಲ ಹೊಡೆತ ತಿಂದು ಬಂದಾಗ ದೊಡ್ಡಮ್ಮನೇ ಮಡಿಲು ತುಂಬಿ ವಾಪಸು ಕಳಿಸಿದ್ದಳು. ಎರಡನೇ ಸಲ ಬಂದಾಗ ಅಕ್ಕನ ಕುತ್ತಿಗೆಯ ಮೇಲೆ ಬೆರಳುಗಳ ಗುರುತು ಮೂಡಿತ್ತು. ಸೆರಗು ಹೊದ್ದುಕೋ ಎಂದಳು ಅಮ್ಮ. ಅವಳನ್ನು ಕರೆದೊಯ್ಯಲು ಭಾವ ಬಂದ; ಹಿರಿಯರು ಅವನೊಂದಿಗೆ ನಡುಮನೆಯಲ್ಲಿ ಕೂತು, ಕಾಫಿ ಕುಡಿದು, ರಾಜಿ ಮಾಡಿದರು. "ಗಂಡ್ಸು, ಏನೋ ಕ್ವಾಪ. ಓಗ್ಲಿ ಬುಡಿ" ಎಂದರು ಒಬ್ಬರು. ಅಷ್ಟೇ ತೀರ್ಪು. ಅಕ್ಕನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ದೊಡ್ಡಮ್ಮ ಮೊರ ಹಿಡಿದು ನಿಂತಳು. ಅಕ್ಕಿ ಹಾಕಿಸಿಕೊಳ್ಳಲು ಸೆರಗು ಒಡ್ಡಲೇಬೇಕು. ಅಕ್ಕ ಒಡ್ಡಿದಳು, ಕುತ್ತಿಗೆ ಬಯಲಾಯಿತು. ದೊಡ್ಡಮ್ಮ ನೋಡಿದಳು. ಮೊರದ ಅಕ್ಕಿಯನ್ನು ಮತ್ತೆ ಚೀಲಕ್ಕೇ ಸುರಿದಳು.

"ಯಾಕಕ್ಕಾ?" ಎಂದಳು ಅಮ್ಮ.

"ಓದ್ಸಲ ತುಂಬಿ ಕಳ್ಸಿ ತೆಪ್ಪು ಮಾಡ್ದೆ. ಈ ಮಗೀನ ಸಾಯಾಕೆ ಕಳ್ಸಾಕೆ ನನ್ ಕೈ ಬ್ಯಾಡ."

ಭಾವ ಎದ್ದ. "ಲೇ ಮುದ್ಕಿ, ನಮ್ಮನೆ ಇಸ್ಯ ನಿಂಗ್ಯಾಕೆ?"

"ಕತ್ತು ಇಸುಕುವಾಗ ನಿನ್ ಬೆರ್ಳು ನೋಯ್ಲಿಲ್ವೇನ್ಲಾ?"

ಕಾಯಿ ಸುಲಿದ ಮಚ್ಚು ಬಾಗಿಲ ಬಳಿಯೇ ಇತ್ತು. ಅದನ್ನೆತ್ತಿ ಅವನು ಅಕ್ಕನ ಮೇಲೆ ಬೀಸಿದ. ದೊಡ್ಡಮ್ಮ ಅಡ್ಡ ಬಂದಳು. ಮೇಲೆದ್ದ ಆ ಕೈ ನನಗೆ ಈಗಲೂ ಬಸ್ಸಿನಲ್ಲಿ, ಕ್ಲಾಸಿನಲ್ಲಿ ಪಾಠ ಮಾಡುವಾಗ ಇದ್ದಕ್ಕಿದ್ದಂತೆ ಕಾಣುತ್ತದೆ; ಬೋರ್ಡಿನ ಮೇಲೆ ಬರೆಯುತ್ತಿದ್ದ ಪದ ಅರ್ಧಕ್ಕೇ ನಿಲ್ಲುತ್ತದೆ. ಏಟು ದೊಡ್ಡಮ್ಮನ ತೋಳಿಗೆ ಬಿತ್ತು. ರಕ್ತ ಕಂಡ ಮೇಲಷ್ಟೇ ಹಿರಿಯರು ಎದ್ದು ಅವನನ್ನು ಹಿಡಿದರು.

ಹಾಸನದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅಪ್ಪನದು ಒಂದೇ ಮಾತು: "ಕಾಯಿ ಒಡ್ಯುವಾಗ ಜಾರ್ತು ಅನ್ನಿ ಅತ್ಗೆ. ಮನೆ ಮರ್ವಾದೆ." ಡಾಕ್ಟರು ಕೇಳಿದಾಗ ಅಪ್ಪ ಬಾಯಿ ತೆರೆಯುವ ಮುಂಚೆಯೇ ದೊಡ್ಡಮ್ಮ ಹೇಳಿದಳು: "ಇವ್ರ ಅಳಿಯ ಮಚ್ಚಲ್ಲಿ ಒಡ್ದ ಸಾ. ಬರ್ಕಳಿ. ಪೊಲೀಸ್ರಿಗೂ ಏಳ್ತೀನಿ."

ಹೇಳಿದಳು. ಕೇಸಾಯಿತು. ಅಕ್ಕ ಮತ್ತೆ ಅಲ್ಲಿಗೆ ಹೋಗಲಿಲ್ಲ. ಈಗ ಚನ್ನರಾಯಪಟ್ಟಣದಲ್ಲಿ ನರ್ಸು. ಬೀದಿಯವರು ದೊಡ್ಡಮ್ಮನನ್ನು ಮನೆಮುರುಕಿ ಎಂದರು, ಶುಭಕಾರ್ಯಕ್ಕೆ ಕರೆಯುವುದನ್ನು ಬಿಟ್ಟರು. ಮಚ್ಚು ಬೀಸಿದವನಿಗೆ ಅಂಥ ಹೆಸರೇನೂ ಬರಲಿಲ್ಲ.

ಕಳೆದ ವರ್ಷ ದೊಡ್ಡಮ್ಮ ತೀರಿಕೊಂಡಳು. ಅಂದು ರಾಜಿ ಮಾಡಿದವರಲ್ಲೊಬ್ಬರು ಹೆಣದ ಮುಂದೆ ಕುರ್ಚಿ ಹಾಕಿಸಿಕೊಂಡು, "ಮಾತಾಯಿ ಕಣಪ್ಪ. ಏನೇ ಆದ್ರೂ ಬಾಯ್ಬುಡ್ದೆ ಬಾಳಾಟ ಮಾಡುದ್ಲು" ಎಂದರು. ಸುತ್ತಲಿನವರು ತಲೆದೂಗಿದರು.

ಅಕ್ಕ ಎದ್ದಳು.

"ದೊಡ್ಡಮ್ಮ ಬಾಯ್ಬುಟ್ಟಿದ್ಕೇ ನಾನು ಬದ್ಕಿರೋದು ಯಜಮಾನ್ರೆ. ಏಳೋದಾದ್ರೆ ಅದ್ನ ಏಳಿ."