ಇಬ್ಬರು ಜಯಮ್ಮಂದಿರು, ಒಂದೇ ಪಾಸ್‌ವರ್ಡು

ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಫೋನು ಗುಂಯ್ ಎಂದಿತು. ‘ನಿಮ್ಮ ಪಾಸ್‌ವರ್ಡಿನ ಅವಧಿ ಏಳು ದಿನಗಳಲ್ಲಿ ಮುಗಿಯಲಿದೆ.’ ಹಾಲಿಗೆ, ಔಷಧಿಗೆ ಅವಧಿ ಇರುವುದು ಸರಿ. ನಾನು ನಾನೇ ಎಂಬುದಕ್ಕೂ ಅವಧಿ ಮುಗಿಯುತ್ತದೆಂದರೆ ಯಾರ ಮೇಲೆ ರೇಗಬೇಕು ಹೇಳಿ? ನಮ್ಮ ಕಾಲೇಜಿನಲ್ಲಿ ಈ ಸಂದೇಶ ಎಲ್ಲರಿಗೂ ಹೋಗುವಂತೆ ಏರ್ಪಾಡು ಮಾಡಿದವನೇ ನಾನು. ಹಾಗಾಗಿ ನನ್ನ ಮೇಲೆಯೇ ರೇಗಿಕೊಂಡು ಕಾಫಿ ಮುಗಿಸಿದೆ. ರೇಗಿದಾಗಲೆಲ್ಲ ಜಯಮ್ಮ ನೆನಪಾಗುತ್ತಾರೆ. ಒಬ್ಬರಲ್ಲ, ಇಬ್ಬರು.

ನಾನು ಮಂಡ್ಯದಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಒಮ್ಮೆ ಪ್ರಾಂಶುಪಾಲರ ಕೋಣೆಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆದು ತೆಗೆದದ್ದೇ ತಪ್ಪಾಯಿತು, ಅಂದಿನಿಂದ ಕಂಪ್ಯೂಟರಿನ ಸಕಲ ಉಸ್ತುವಾರಿಯೂ ನನ್ನ ತಲೆಗೆ ಬಂತು. ನಮ್ಮ ಸಂಸ್ಥೆಗೆ ಮಂಡ್ಯದ್ದಲ್ಲದೆ ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಕಾಲೇಜಿದೆ. ಆಗೆಲ್ಲ ಇಮೇಲಿಗೊಂದು ಪಾಸ್‌ವರ್ಡು, ಗ್ರಂಥಾಲಯಕ್ಕೊಂದು, ಅಂಕಪಟ್ಟಿಗೊಂದು, ಪರೀಕ್ಷೆಯ ಅರ್ಜಿಗೊಂದು. ಯಾವುದೂ ಯಾರಿಗೂ ನೆನಪಿರುತ್ತಿರಲಿಲ್ಲ. ಮದ್ದೂರಿನ ಕಚೇರಿಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಪಾಸ್‌ವರ್ಡುಗಳನ್ನೂ ಬರೆದಿಟ್ಟಿದ್ದರು.

‘ಮೂರು ಕಾಲೇಜಿಗೂ ಸೇರ್ಸಿ ಒಂದೇ ಪಟ್ಟಿ ಮಾಡಿ ಮೇಷ್ಟ್ರೇ. ಒಬ್ರಿಗೆ ಒಂದೇ ಪಾಸ್‌ವರ್ಡು, ಎಲ್ಲಾ ಬಾಗ್ಲೂ ತೆಗೀಬೇಕು’ ಎಂದರು ನಮ್ಮ ಕಾರ್ಯದರ್ಶಿ. ಒಂದು ಕಂಪನಿಯ ತಂತ್ರಾಂಶವೂ ಬಂತು. ಇನ್ನು ಮುಂದೆ ಇಮೇಲಾಗಲಿ ಗ್ರಂಥಾಲಯವಾಗಲಿ, ‘ಇವರು ನಮ್ಮವರೇ?’ ಎಂದು ಮಂಡ್ಯದ ಆ ಒಂದೇ ಪಟ್ಟಿಯನ್ನು ಕೇಳುತ್ತದೆ. ಪಟ್ಟಿ ಹೌದೆಂದರೆ ಬಾಗಿಲು ತೆರೆಯುತ್ತದೆ. ಅಲ್ಲವೆಂದರೆ ಎಲ್ಲ ಬಾಗಿಲೂ ಒಟ್ಟಿಗೇ ಮುಚ್ಚುತ್ತವೆ. ಈ ಎರಡನೆಯ ಮಾತನ್ನು ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಪಟ್ಟಿಗಳನ್ನು ಕೂಡಿಸುವಾಗ ಒಬ್ಬರೇ ಎರಡೆರಡು ಕಡೆ ಬರುತ್ತಿದ್ದರು. ಹೆಸರು, ಹುಟ್ಟಿದ ದಿನ ಎರಡೂ ಹೊಂದಿದರೆ ಯಂತ್ರ ಕೇಳುತ್ತಿತ್ತು: ‘ಇವರಿಬ್ಬರೂ ಒಬ್ಬರೇ?’ ಮೊದಮೊದಲು ಕಡತ ತೆಗೆದು ನೋಡಿ ಉತ್ತರಿಸಿದೆ. ಮಧ್ಯಾಹ್ನದ ಹೊತ್ತಿಗೆ ಓದುವುದನ್ನೇ ಬಿಟ್ಟು ‘ಹೌದು, ಹೌದು’ ಎಂದು ಒತ್ತುತ್ತಾ ಹೋದೆ. ನಮ್ಮ ಕಡೆ ಹುಟ್ಟಿದ ದಿನವೆಂದರೇನು, ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಬರೆದದ್ದು. ಅವ್ವ ನನ್ನನ್ನು ಕಾರ್ತೀಕದಲ್ಲಿ ಹೆತ್ತಳಂತೆ, ದಾಖಲೆಯಲ್ಲಿ ಮಾತ್ರ ಜೂನ್ ಒಂದು. ಅರ್ಧ ಸಂಸ್ಥೆಯೇ ಜೂನ್ ಒಂದರಂದು ಹುಟ್ಟಿದೆ. ಮದ್ದೂರಿನ ಗ್ರಂಥಾಲಯದ ಕೆ. ಜಯಮ್ಮ ಹುಟ್ಟಿದ್ದೂ ಅಂದೇ, ಮಳವಳ್ಳಿ ಕಚೇರಿಯ ಕೆ. ಜಯಮ್ಮ ಹುಟ್ಟಿದ್ದೂ ಅಂದೇ, ಅದೇ ವರ್ಷ. ಒಬ್ಬರ ತಂದೆ ಕೆಂಪಯ್ಯ, ಇನ್ನೊಬ್ಬರ ತಂದೆ ಕಾಳಯ್ಯ. ಮಳವಳ್ಳಿಯ ಜಯಮ್ಮ ಎಷ್ಟೋ ಸಲ ನನಗೆ ಕಾಫಿ ತರಿಸಿಕೊಟ್ಟವರು. ಆದರೂ ‘ಹೌದು’ ಒತ್ತಿದೆ.

ಪಟ್ಟಿ ಕೊಟ್ಟ ಒಂದೇ ಪಾಸ್‌ವರ್ಡು ಎರಡೂ ಊರಿಗೆ ಹೋಯಿತು, ಒಂದಷ್ಟು ದಿನ ಏನೂ ಆಗಲಿಲ್ಲ. ಮದ್ದೂರಿನವರಿಗೆ ಗ್ರಂಥಾಲಯ ತೆರೆಯುತ್ತಿತ್ತು, ಮಳವಳ್ಳಿಯವರಿಗೆ ಅರ್ಜಿ ತೆರೆಯುತ್ತಿತ್ತು. ಆಮೇಲೆ ಮದ್ದೂರಿನ ಜಯಮ್ಮ ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾರದೆ ಸ್ವಯಂ ನಿವೃತ್ತಿ ತೆಗೆದುಕೊಂಡು ಊರಾದ ಚಿಕ್ಕರಸಿನಕೆರೆಯಲ್ಲಿ ಉಳಿದರು. ನಾನು ಪಟ್ಟಿಯಲ್ಲಿ ಅವರ ಖಾತೆ ಮುಚ್ಚಿದೆ.

ಅಂದೇ ಮಧ್ಯಾಹ್ನ ಮಳವಳ್ಳಿಯ ಜಯಮ್ಮನ ಫೋನು ಬಂತು.

‘ಏನ್ ಸಾ ಇದು, ನಾನು ರಿಟೈರ್ ಆಗಿವ್ನಿ ಅಂತದೆ! ನಾನು ಇಲ್ಲೇ ಕುರ್ಚಿ ಮೇಲೆ ಕುಂತಿವ್ನಲ್ಲ!’

ಅಂದು ಪರೀಕ್ಷೆಯ ಅರ್ಜಿಗೆ ಕೊನೆಯ ದಿನ. ಸಂಜೆ ಐದಕ್ಕೆ ಬಾಗಿಲು ಬಂದ್. ಮಳವಳ್ಳಿಯ ಮಕ್ಕಳ ಅರ್ಜಿಗಳಿಗೆ ಒಪ್ಪಿಗೆ ಒತ್ತುವ ಅಧಿಕಾರ ಜಯಮ್ಮ ಒಬ್ಬರಿಗೇ ಇತ್ತು. ಹಾಗಿದ್ದರೆ ಸುರಕ್ಷಿತ ಎಂದು ಜಾಣತನ ಮಾಡಿದವನೂ ನಾನೇ. ಖಾತೆಯನ್ನು ಮತ್ತೆ ತೆರೆದೆ, ಆದರೆ ಮುಚ್ಚಿದಾಗಲೇ ಹಳೆಯ ಪಾಸ್‌ವರ್ಡು ಅಳಿಸಿಹೋಗಿತ್ತು, ಹೊಸದನ್ನು ಇಡಬೇಕಾದರೆ ಫೋನಿಗೆ ಬರುವ ಆರು ಅಂಕಿ ಬೇಕು. ಪಟ್ಟಿಯಲ್ಲಿದ್ದದ್ದು ಮದ್ದೂರಿನ ಜಯಮ್ಮನ ಫೋನು. ಅದನ್ನು ಬದಲಿಸುವ ಅಧಿಕಾರ ಕಂಪನಿಯದು. ಕಂಪನಿಗೆ ಫೋನು ಮಾಡಿದರೆ, ‘ತೊಂದರೆಯಾದವರೇ ಲಾಗಿನ್ ಆಗಿ ದೂರು ದಾಖಲಿಸಬೇಕು ಸರ್’ ಎಂದಳು ಹುಡುಗಿ. ಲಾಗಿನ್ ಆಗಲಾಗದಿರುವುದೇ ದೂರು ತಾಯಿ ಎಂದೆ. ‘ಅದನ್ನೇ ಬರೆದು ಕಳಿಸಿ ಸರ್’ ಎಂದಳು.

ಚಿಕ್ಕರಸಿನಕೆರೆಗೆ ಫೋನು ಮಾಡಿದೆ.

‘ಆರು ಅಂಕಿ ಬಂದದೆ. ಆದ್ರೆ ಯೋಳಾಕಿಲ್ಲ’ ಎಂದರು ನಿವೃತ್ತ ಜಯಮ್ಮ.

‘ನಾನು ಮಂಡ್ಯದ ಮೇಷ್ಟ್ರು ಕಣಮ್ಮ!’

‘ಸಾಕ್ಸಾತ್ ಮೇಷ್ಟ್ರೇ ಪೋನ್ ಮಾಡುದ್ರೂ ನಂಬರ್ ಕೊಡ್ಬೇಡಿ ಅಂತ ಅವ್ರೇ ಯೋಳ್ಕೊಟ್ಟವ್ರೆ. ಇಡಪ್ಪ ಪೋನು.’

ನನ್ನ ಇಡೀ ವೃತ್ತಿಯಲ್ಲಿ ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ. ನಾನು ತಲೆ ಮೇಲೆ ಕೈಹೊತ್ತು ಕೂತೆ. ಮಳವಳ್ಳಿಯ ಜಯಮ್ಮ ಕೂರಲಿಲ್ಲ.

‘ಐಕ್ಳು ಒಂದ್ ವರ್ಸ ಕಳ್ಕಬೇಕಾ ಸಾ? ಆಯಮ್ಮನ ಮನೆ ಎಲ್ಲಿ ಯೋಳಿ, ನಾನೇ ಓಯ್ತೀನಿ.’

ಬಸ್ಸು ಹತ್ತಿದರು. ನಾನು ಮಂಡ್ಯದಲ್ಲಿ ಗಡಿಯಾರ ನೋಡುತ್ತಾ ಕಂಪನಿಯ ಫೋನಿನ ಸಂಗೀತ ಕೇಳುತ್ತಾ ಕೂತಿದ್ದೆ. ನಾಲ್ಕೂವರೆಯ ಹೊತ್ತಿಗೆ ಚಿಕ್ಕರಸಿನಕೆರೆಯಿಂದಲೇ ಕರೆ ಬಂತು. ಎರಡು ದನಿಗಳು ಒಟ್ಟಿಗೆ ಮಾತಾಡುತ್ತಿದ್ದವು.

‘ನಾನೂ ಕೆ. ಜಯಮ್ಮನೇ ಕಣಕ್ಕ, ನೋಡು ಕಾಲೇಜಿನ ಕಾರ್ಡು.’

‘ಅಯ್ಯೋ, ಮೊದ್ಲು ಕೂತ್ಕಳವ್ವ, ನೀರ್ ಕುಡಿ. ಮೇಷ್ಟ್ರೇ, ಇನ್ನೊಂದ್ಸಲ ನಂಬರ್ ಕಳ್ಸಿ. ಆಗಿಂದು ಕೆಟ್ಟೋಗ್ಯದಂತೆ.’

ಕಳಿಸಿದೆ. ಒಬ್ಬ ಜಯಮ್ಮ ಅಂಕಿಗಳನ್ನು ಓದಿದರು, ಇನ್ನೊಬ್ಬ ಜಯಮ್ಮ ಒತ್ತಿದರು. ಬಾಗಿಲು ತೆರೆಯಿತು. ಮಳವಳ್ಳಿಯ ಜಯಮ್ಮ ಜಗಲಿಯ ಮೇಲೆ ಕೂತು ಪುಟ್ಟ ಫೋನಿನಲ್ಲೇ ಒಂದೊಂದೇ ಅರ್ಜಿಗೆ ಒಪ್ಪಿಗೆ ಕೊಡುತ್ತಾ ಹೋದರು. ನಿವೃತ್ತ ಜಯಮ್ಮ ಪಕ್ಕದಲ್ಲಿ ಕೂತು ಹೆಸರು ಓದಿ ಹೇಳಿದರಂತೆ. ಐದಕ್ಕೆ ಇನ್ನೂ ಕೆಲವು ನಿಮಿಷ ಇರುವಂತೆ ಕೊನೆಯ ಅರ್ಜಿಯೂ ಹೋಯಿತು. ಪಟ್ಟಿಯಲ್ಲಿ ಒಬ್ಬ ಜಯಮ್ಮನನ್ನು ಮತ್ತೆ ಇಬ್ಬರನ್ನಾಗಿಸಲು ಮಾತ್ರ ಕಂಪನಿ ಎರಡು ತಿಂಗಳು ತೆಗೆದುಕೊಂಡಿತು. ಅಷ್ಟರಲ್ಲಿ ಅವರಿಬ್ಬರೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವಷ್ಟು ಹತ್ತಿರವಾಗಿದ್ದರು.

ಕಾಫಿ ಮುಗಿಸಿದೆನೆಂದೆನಲ್ಲ, ಇವತ್ತು ಮಳವಳ್ಳಿಯ ಜಯಮ್ಮ ನಿವೃತ್ತರಾಗುವ ದಿನ. ಖಾತೆ ಮುಚ್ಚಲು ಮಂಡ್ಯದಿಂದಲೇ ಒಂದು ಗುಂಡಿ ಒತ್ತಿದರೆ ಸಾಕು. ಈಗ ನಾನು ಹಾಗೆ ಮಾಡುವುದಿಲ್ಲ. ಯಾರದೇ ಖಾತೆಯಾಗಲಿ, ಅವರ ಎದುರಿಗೆ ಹೋಗಿ ಕೂರುತ್ತೇನೆ. ಕಾರ್ಯದರ್ಶಿ ಇದನ್ನು ಕಾಲಹರಣ ಎನ್ನುತ್ತಾರೆ. ಬಸ್ಸು ಹಿಡಿದು ಮಳವಳ್ಳಿಗೆ ಹೋದೆ. ಹಾರ ಹಾಕಿಸಿಕೊಂಡು ಜಯಮ್ಮ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ‘ನೀವೇ ಒತ್ತಿ’ ಎಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ.

ಅವರು ಅದನ್ನು ಮತ್ತೆ ನನ್ನ ಕಡೆಗೇ ತಿರುಗಿಸಿದರು.

‘ನೀವೇ ಒತ್ತಿ ಸಾ. ಆದ್ರೆ ನನ್ ಮೊಕ ನೋಡ್ಕಂಡು ಒತ್ತಿ.’

ಒತ್ತಿದೆ. ಪರದೆಯಲ್ಲಿ ಏನು ಬಂತೋ ನೋಡಲಿಲ್ಲ.