ಮೇಕೆ ತಿಂದ ಕೊಂಬೆ

ಹೋದ ತಿಂಗಳು ಹುಣಸೂರಿನ ಒಂದು ಸಂದಿಯಲ್ಲಿ ನಡೆದು ಬರುತ್ತಿದ್ದೆ. ಯಾರೋ ಮೋಟರಿನ ಕಾಯಿಲ್‌ಗೆ ವಾರ್ನಿಷ್ ಬಳಿದು ಬಿಸಿಲಿಗೆ ಇಟ್ಟಿದ್ದರು. ಬೆಲ್ಲ ಸೀದು ಅದಕ್ಕೆ ಸೀಮೆಎಣ್ಣೆ ಬಿದ್ದಂಥ ವಾಸನೆ. ಕಾಲು ತಾನಾಗಿ ನಿಂತಿತು. ಇಪ್ಪತ್ತು ವರ್ಷಕ್ಕೂ ಹಿಂದೆ ನಾನು ಆ ವಾಸನೆಯ ಪಕ್ಕದಲ್ಲೇ ಕೂತು ಬ್ಲೌಸ್ ಹೊಲಿಯುತ್ತಿದ್ದೆ. ಹೊಲಿದ ಬಟ್ಟೆಗೂ ಅದು ಅಂಟಿಕೊಂಡಿದೆ ಎಂದು ಗಿರಾಕಿಗಳು ದೂರುತ್ತಿದ್ದರು.

ಆಗ ನನ್ನ ಅಂಗಡಿ ಪಿರಿಯಾಪಟ್ಟಣದಲ್ಲಿ, ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಇತ್ತು. ಪಕ್ಕದ್ದು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ. ಅದನ್ನು ನಡೆಸುತ್ತಿದ್ದವರನ್ನು ಊರೆಲ್ಲ ವೈಂಡಿಂಗ್ ಅಣ್ಣ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಸುಟ್ಟ ಮೋಟರಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಅವರ ಕೆಲಸ. ಉಳಿದ ಹೊತ್ತೆಲ್ಲ ಜೇಡ್ ಗಿಡಗಳಿಗೆ.

ಜೇಡ್ ಎಂದರೆ ಉಗುರಿನಗಲದ ದಪ್ಪ ಎಲೆಯ, ಕಾಂಡದಲ್ಲಿ ನೀರು ತುಂಬಿಕೊಂಡ ಗಿಡ. ಅಣ್ಣ ಅದನ್ನು ಸವರಿ, ಬಗ್ಗಿಸಿ, ಗೇಣುದ್ದಕ್ಕೇ ನಿಲ್ಲಿಸಿ, ನೂರು ವರ್ಷದ ಆಲದ ಮರದಂತೆ ಮಾಡುತ್ತಿದ್ದರು. ಬೋನ್ಸಾಯ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಕುಂಡವನ್ನು ದುಡ್ಡು ಕೊಟ್ಟು ತಂದವರಲ್ಲ. ಕೆಟ್ಟ ಮೋಟರಿನ ಕಬ್ಬಿಣದ ಮುಚ್ಚಳವೇ ಅವರ ಕುಂಡ. ನಡುವೆ ಬೇರಿಂಗ್ ಕೂರುವ ತೂತಿನಿಂದ ನೀರು ಇಳಿದುಹೋಗುತ್ತಿತ್ತು. ಕೊಂಬೆ ಬಗ್ಗಿಸಲು ಸುತ್ತುತ್ತಿದ್ದದ್ದು ಸುಟ್ಟ ಮೋಟರಿನಿಂದ ಬಿಚ್ಚಿದ ತಂತಿ. ಸುತ್ತುವ ಮೊದಲು ಹತ್ತು ದಿನ ಗಿಡಕ್ಕೆ ನೀರು ತೋರಿಸುತ್ತಿರಲಿಲ್ಲ.

"ಒಟ್ಟೆ ತುಂಬಿರೋದು ಬಗ್ಗಕಿಲ್ಲ ಕಣವ್ವ, ಲಟಕ್ ಅಂತ ಮುರ್ದೋಯ್ತದೆ. ಬಾಯಾರಿದ್ದಾಗ ಹೇಳ್ದಂಗೆ ಕೇಳ್ತದೆ," ಎನ್ನುತ್ತಿದ್ದರು.

ಹೊಗೆಸೊಪ್ಪಿನ ಸಸಿಮಡಿಗೆ ನೀರಿಲ್ಲದೆ ಓಡಿಬಂದ ರಾವಂದೂರಿನ ರೈತನೊಬ್ಬ ಬಾಗಿಲಲ್ಲೇ ನಿಂತು ರೇಗಿದ್ದು ನೆನಪಿದೆ. "ಅಣ್ಣೋ, ನಮ್ ಮೋಟ್ರು ಬುಟ್ಬುಟ್ಟು ಗಿಡಕ್ಕೆ ವೈಂಡಿಂಗ್ ಮಾಡ್ತಾ ಕೂತಿದ್ದೀಯಲ್ಲ."

"ನಿನ್ ಮೋಟ್ರು ವಾರ್ನಿಷ್ ಒಣಗ್ಬೇಕು ಕಣ್ಲಾ. ಈ ಗಿಡ ನೋಡು, ಏಳು ವರ್ಸದಿಂದ ಒಂದು ಮಾತಾಡಿಲ್ಲ. ಅದರ ಪಕ್ಕದಲ್ಲಿ ಕೂತ್ಕೋ, ಟೀ ಹೇಳ್ತೀನಿ."

ನಮ್ಮ ಕಡೆ ಒಂದು ನಂಬಿಕೆ ಇದೆ. ಕೇಳಿ ತಂದ ಗಿಡ ಬದುಕುವುದಿಲ್ಲ, ಕದ್ದು ತಂದದ್ದು ಚೆನ್ನಾಗಿ ಚಿಗುರುತ್ತದೆ. ಅಣ್ಣ ಅದನ್ನು ಪೂರಾ ನಂಬಿದ್ದರು. ನಾನು ಒಂದು ಕಡ್ಡಿ ಕೊಡಿ ಎಂದು ಮೊದಲ ಸಲ ಕೇಳಿದಾಗ ಗಾಬರಿಯಾಗಿ, "ಕೈಯಾರೆ ಕೊಟ್ರೆ ಸತ್ತೋಯ್ತದೆ. ನಾ ಆ ಕಡೆ ತಿರುಕ್ಕತೀನಿ, ಬೇಕಾದ್ದು ಎತ್ಕೋ," ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡುತ್ತಾ ನಿಂತರು. ನಾನು ನೂಲು ಕತ್ತರಿಸುವ ಕತ್ತರಿಯಿಂದ ತುದಿಯ ಒಂದು ಕುಡಿ ಚಿವುಟಿದೆ. "ಆಯ್ತೇನವ್ವ ಕಳ್ತನ?" ಎಂದು ಕೇಳಿಯೇ ಈ ಕಡೆ ತಿರುಗಿದರು. ಆಮೇಲೆ ಎಷ್ಟೋ ಸಲ ಹೀಗಾಯಿತು. ಎಲ್ಲವೂ ಬೇರು ಬಿಟ್ಟವು.

ಆ ಏಳು ವರ್ಷದ ಗಿಡ ಅವರ ಪ್ರಾಣ. ಮೂರೇ ಕೊಂಬೆ. ಎಡಗಡೆ ಕೆಳಗಿನದು ನೆಲಕ್ಕೆ ಬಾಗಿ ತುದಿಯಲ್ಲಿ ಮೇಲೆದ್ದರೆ ಮರ ಪೂರ್ತಿಯಾದಂತೆ, ಅದಕ್ಕೆ ತಂತಿ ಸುತ್ತಿಟ್ಟಿದ್ದರು. ಆ ವರ್ಷ ಮೈಸೂರಿನ ಹೂವಿನ ಪ್ರದರ್ಶನಕ್ಕೆ ಅದನ್ನು ಒಯ್ಯಬೇಕೆಂದು ಅವರ ಆಸೆ. ಬದುಕಿನಲ್ಲಿ ಅವರು ನಾಲ್ಕು ಜನರ ಮುಂದೆ ಇಡಬೇಕೆಂದುಕೊಂಡ ವಸ್ತು ಅದೊಂದೇ. ಕೆಳಗೆ ಹಾಸಲು ಕೆಂಪು ಮಖಮಲ್ ಬಟ್ಟೆ ತಂದು, ಅಂಚು ಹೊಲಿದುಕೊಡು ಎಂದು ನನಗೇ ಕೊಟ್ಟಿದ್ದರು.

ಪ್ರದರ್ಶನಕ್ಕೆ ಇನ್ನು ಮೂರು ವಾರ ಇತ್ತು. ಒಂದು ಸಂಜೆ ಕರೆಂಟು ಹೋಗಿತ್ತು. ನನ್ನ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಳು, ಅವಳಿಗೂ ಒಂದು ಗಿಡ ಬೇಕಂತೆ. ಅಣ್ಣ ಎಂದಿನಂತೆ ಗೋಡೆಗೆ ತಿರುಗಿದರು. ದಪ್ಪ ಕಡ್ಡಿ ಬೇಗ ಬೇರು ಬಿಡುತ್ತದೆ ಎಂದು ಯಾರೋ ಹೇಳಿದ್ದರು. ಮಬ್ಬಿನಲ್ಲಿ ಕೈಗೆ ಸಿಕ್ಕ ದಪ್ಪನೆಯದನ್ನು ಕತ್ತರಿಸಿ ಬಟ್ಟೆಚೂರಿನಲ್ಲಿ ಸುತ್ತಿಕೊಂಡು ಬಂದೆ. ಬರುವಷ್ಟರಲ್ಲಿ ಗಿರಾಕಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದಳು. ಮನೆಗೆ ಒಯ್ದು ದೀಪದ ಕೆಳಗೆ ಬಿಚ್ಚಿ ನೋಡಿದರೆ ಕೊಂಬೆಗೆ ತಂತಿ ಸುತ್ತಿಕೊಂಡೇ ಇತ್ತು. ಸುಟ್ಟು ಕಪ್ಪಾದ ತಂತಿ, ತೊಗಟೆಯದೇ ಬಣ್ಣ...

ಬೆಳಿಗ್ಗೆ ಎಲ್ಲ ಹೇಳಿಬಿಡಬೇಕೆಂದು ಬೇಗ ಹೋದೆ. ಟೀ ಅಂಗಡಿಯವನು ಆಗಲೇ ಅಲ್ಲಿ ಆ ಗಿಡವನ್ನು ಬಗ್ಗಿ ನೋಡುತ್ತಿದ್ದ.

"ಮೇಕೆ ತಿಂದುಬುಡ್ತು ಕಣಪ್ಪ," ಎಂದರು ಅಣ್ಣ.

"ಯಾವ್ ಮೇಕೆ? ಈ ಬೀದೀಲಿ ಮೇಕೆನೇ ಇಲ್ವಲ್ಲಣ್ಣ."

"ಕಂಪಲಾಪುರದ ಸಂತೆಗೆ ಒಡ್ಕೊಂಡು ಓಯ್ತಿದ್ರು. ಒಂದು ನುಗ್ತು."

"ಇಷ್ಟು ಸೊಪ್ಪಿರೋವಾಗ ನಿಮ್ ಏಳು ವರ್ಸದ್ದೇ ಬೇಕಾಗಿತ್ತಾ ಅದಕ್ಕೆ? ಓದಿರೋ ಮೇಕೆ ಇರ್ಬೇಕು," ಎಂದು ಅವನು ನಕ್ಕ. ಅಣ್ಣನೂ ನಕ್ಕರು. ನನ್ನ ಕಡೆ ನೋಡಲಿಲ್ಲ. ನಿಜವಾಗಿಯೂ ಮೇಕೆ ಎಂದುಕೊಂಡಿದ್ದಾರೆ, ಹಾಗೇ ಇರಲಿ ಎಂದು ನನ್ನ ಹೇಡಿ ಮನಸ್ಸು ಹೇಳಿತು.

ಅವರು ಪ್ರದರ್ಶನಕ್ಕೆ ಹೋಗಲಿಲ್ಲ. ಮಖಮಲ್ ಬಟ್ಟೆ ವಾಪಸು ಕೊಡಲು ಹೋದರೆ, "ಯಾವ್ದಾದ್ರೂ ಮಗೀಗೆ ಲಂಗ ಹೊಲ್ದುಬುಡು," ಎಂದರು. ಒಂದು ತಿಂಗಳಿಗೆ ಕಡಿದ ಜಾಗದ ಕೆಳಗೆ ಎರಡು ಕೆಂಪು ಚಿಗುರು ಮೂಡಿದವು. ಅದರಲ್ಲಿ ಒಂದನ್ನು ಉಳಿಸಿದರು. "ಇನ್ನ ನಾಕು ವರ್ಸ. ಪ್ರದರ್ಶನ ಎಲ್ಲಿಗೆ ಓಡೋಯ್ತದೆ?"

ನಾನು ತಂದಿದ್ದ ಕೊಂಬೆಯನ್ನು ಗಾಯ ಒಣಗಿಸಿ ಡಬ್ಬಿಯಲ್ಲಿ ನೆಟ್ಟಿದ್ದೆ. ಬೇರು ಬಿಡಲಿಲ್ಲ. ನಾನು ನಿಜವಾಗಿ ಕದ್ದದ್ದು ಅದೊಂದೇ, ಬದುಕದೇ ಹೋದದ್ದೂ ಅದೊಂದೇ.

ಆಮೇಲೆ ಅವರ ಗಿಡಕ್ಕೆ ಕತ್ತರಿ ತಾಗಿಸಲು ನನ್ನಿಂದ ಆಗಲಿಲ್ಲ. "ಯಾಕವ್ವ, ಕಳ್ತನ ಬುಟ್ಬುಟ್ಟೆ?" ಎಂದು ಕೇಳುತ್ತಿದ್ದರು. ನಾನು ಕೇಳದೆಯೇ ಗೋಡೆಗೆ ತಿರುಗಿ ನಿಲ್ಲುತ್ತಿದ್ದರು. ನಾನು ಏನನ್ನೂ ಮುಟ್ಟದೆ ಸ್ವಲ್ಪ ಹೊತ್ತು ನಿಂತು, "ಆಯ್ತಣ್ಣ," ಎನ್ನುತ್ತಿದ್ದೆ. ಅವರು ತಿರುಗಿ ನೋಡಿದಾಗ ಒಂದು ಎಲೆಯೂ ಕಡಿಮೆಯಾಗಿರುತ್ತಿರಲಿಲ್ಲ. ಎಷ್ಟು ಸಲ ಮಾತು ನಾಲಿಗೆಯ ತುದಿಗೆ ಬಂದಿತ್ತೋ... ಕೊಂಬೆ ಬೆಳೆದ ಮೇಲೆ ಹೇಳೋಣ, ಆಗ ನಗುನಗುತ್ತಾ ಹೇಳಬಹುದು ಎಂದು ಮುಂದೂಡಿದೆ.

ಕೊಂಬೆ ಬೆರಳುದ್ದ ಆಗಿತ್ತು. ಮೂರನೆಯ ವರ್ಷ, ಆಷಾಢದಲ್ಲಿ, ಮೋಟರ್ ಎತ್ತುವಾಗ ಅಣ್ಣ ಎದೆ ಹಿಡಿದುಕೊಂಡು ಕೂತರಂತೆ. ಮೈಸೂರಿಗೆ ಕರೆದುಕೊಂಡು ಹೋದರು. ಮಾರನೆಯ ದಿನ ಹೆಣವಾಗಿ ಬಂದರು.

ತಿಂಗಳ ಮೇಲೆ ಅವರ ಹೆಂಡತಿ ಅಂಗಡಿ ಖಾಲಿ ಮಾಡಲು ಬಂದರು. ಅವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಗಿಡಗಳನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿ ಇಟ್ಟುಕೊಡುತ್ತಾ ಆ ಗಿಡದ ಸರದಿ ಬಂದಾಗ ನನಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಇದರ ಕೊಂಬೆ ಮೇಕೆ ತಿಂದದ್ದಲ್ಲ..."

"ಗೊತ್ತು ಕಣವ್ವ," ಎಂದರು ಅವರು, ಕೈಯಲ್ಲಿದ್ದ ಹುಲ್ಲನ್ನು ಬಿಡದೆ. "ಮೇಕೆ ಎಲ್ಲಾದ್ರೂ ಕತ್ತರೀಲಿ ಕತ್ತರಿಸಿದಂಗೆ ತಿಂತದಾ ಅಂತ ಅವತ್ತು ರಾತ್ರಿನೇ ನಕ್ಕೊಂಡು ಹೇಳಿದ್ರು. ಒಂದು ತುತ್ತೂ ಉಣ್ಣಲಿಲ್ಲ, ಆದ್ರೂ ನಕ್ರು. ನಾನು ಕೇಳ್ದೆ, ಅವಳನ್ನ ಒಂದು ಮಾತು ಕೇಳಬಾರದಾ ಅಂತ. ಕೇಳಿದ್ರೆ ಅವ್ಳು ಇನ್ನು ಗಿಡದ ತಾವಕೇ ಬರಕಿಲ್ಲ ಬುಡು, ಅಂದ್ರು."

ಅತ್ತಿಗೆ ಗಿಡಗಳನ್ನು ತಮ್ಮ ತೌರು ಸಾಲಿಗ್ರಾಮಕ್ಕೆ ತೆಗೆದುಕೊಂಡು ಹೋದರು. ಎರಡು ಮಳೆಗಾಲ ಕಳೆದ ಮೇಲೆ ಒಮ್ಮೆ ಸಿಕ್ಕಿದಾಗ ಆ ಗಿಡ ಹೇಗಿದೆ ಎಂದು ಕೇಳಿದೆ. ಮನೆಯ ಮಕ್ಕಳೆಲ್ಲ ಸೇರಿ ಮುದ್ದಿಗೆ ದಿನಾ ನೀರು ಹುಯ್ದು, ಬುಡ ಕೊಳೆತುಹೋಯಿತಂತೆ.

ಆಗ ಅಣ್ಣನಿಗಿದ್ದ ವಯಸ್ಸನ್ನು ನಾನು ದಾಟಿ ಬಹಳ ದಿನವಾಯಿತು. ಅವರಿಗೆ ಗೊತ್ತಿತ್ತು ಎಂಬುದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನಾನು ಹೇಳಿದ್ದರೆ ಅವರು ಬಹುಶಃ ಮೇಕೆಯ ತಮಾಷೆ ಮಾಡಿ ಮುಗಿಸುತ್ತಿದ್ದರು, ಮತ್ತೆ ನಾವಿಬ್ಬರೂ ಮೊದಲಿನಂತಾಗುತ್ತಿದ್ದೆವು. ಆ ಮೂರು ವರ್ಷವನ್ನು ನಾನೇ ಕಳೆದುಕೊಂಡೆ. ಅತ್ತಿಗೆಗೆ ಹೇಳಿದೆ, ಇಲ್ಲಿ ಬರೆಯುತ್ತಿದ್ದೇನೆ. ಹೇಳಬೇಕಾದವರಿಗೆ ಮಾತ್ರ ಹೇಳಲಿಲ್ಲ.

ಅಣ್ಣ, ಅದನ್ನು ಕತ್ತರಿಸಿದ್ದು ನಾನು.